‘ಗಡಿಯಿಂದ ಐದು ಪತ್ರ’ ಕಳಿಸಿದವರಿಗೆ

ಪ್ರಿಯರೆ,

ನಿಮ್ಮ ಕಥೆ ಓದಿದೆ. ಇದ್ದ ಹಾಗೆಯೇ ಅಚ್ಚು ಹಾಕಲು ಆಗುವುದಿಲ್ಲ. 1971ರ ಯುದ್ಧ, ಪೂರ್ವ ಗಡಿಯಲ್ಲಿ ಕಾಮಾಲೆ ಹಿಡಿದು ಮಿಲಿಟರಿ ಆಸ್ಪತ್ರೆ ಸೇರಿದ ಜಗಳೂರು ಸೀಮೆಯ ಹುಡುಗ, ಊರಲ್ಲಿ ಕಾಯುವ ಅವ್ವ. ವಸ್ತು ಗಟ್ಟಿಯಾಗಿದೆ. ಕೈಕೊಟ್ಟಿರುವುದು ಪತ್ರಗಳೇ.

ಆ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ, 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಅಷ್ಟರೊಳಗೆ ನಿಮ್ಮ ಐದೂ ಪತ್ರಗಳು ಹೋಗಿ ಬಂದು ಮುಗಿದಿವೆ! ಜಗಳೂರಿನ ಹಳ್ಳಿಗೆ ಅಂಚೆ ಅಷ್ಟು ಚುರುಕಾಗಿ ಬರುತ್ತಿತ್ತೆ? ಯುದ್ಧಕ್ಕೆ ಮುಂಚೆಯೇ ನಮ್ಮ ಪಡೆಗಳು ಗಡಿಗೆ ಹೋಗಿದ್ದವು; ಕಥೆಯನ್ನು ಅಕ್ಟೋಬರಿಗೆ ಹಿಂದಕ್ಕೆ ಎಳೆಯಿರಿ. ಆಗ ತಡವೇ ನಿಮ್ಮ ಕೆಲಸ ಮಾಡುತ್ತದೆ. ‘ಇತ್ತ ನಾನು ಕ್ಷೇಮ’ ಎಂದು ಅವನು ಬರೆದದ್ದು ಅವ್ವನ ಕಿವಿಗೆ ಬೀಳುವಾಗ ಅವನ ಕಣ್ಣು ಹಳದಿಯಾಗಿರುತ್ತದೆ. ಕಾಮಾಲೆ ಅಂತ ತಿಳಿದ ಮೇಲೆ ಅವಳು ಸುಮ್ಮನೆ ಅಳುತ್ತಾ ಕೂರುವ ಹೆಂಗಸಲ್ಲ. ನೆಲನೆಲ್ಲಿ ಕಿತ್ತು ಒಣಗಿಸಿ, ಪೊಟ್ಟಣ ಕಟ್ಟಿ, ಅಂಚೆಯವನ ಬೆನ್ನು ಹತ್ತುತ್ತಾಳೆ. ಆ ಪೊಟ್ಟಣ ತಲುಪಿತೋ ಇಲ್ಲವೋ ನೀವು ಹೇಳಬೇಕಿಲ್ಲ.

ವಿಳಾಸದಲ್ಲಿ ‘ದಾವಣಗೆರೆ ಜಿಲ್ಲೆ, ಕರ್ನಾಟಕ’ ಎಂದು ಬರೆದು ಪಿನ್‌ಕೋಡನ್ನೂ ಹಾಕಿದ್ದೀರಿ. ಆಗ ಜಗಳೂರು ಇದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ರಾಜ್ಯ ಇನ್ನೂ ಮೈಸೂರು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟಿನಲ್ಲಿ. ಪತ್ರದ ತಲೆಯಲ್ಲಿ ‘ಅಗರ್ತಲಾ ಗಡಿ’ ಅಂತಲೂ ಇದೆ. ಎಲ್ಲಿದ್ದೇನೆಂದು ಸಿಪಾಯಿ ಬರೆಯುವಂತಿರಲಿಲ್ಲ. ನಂಬರು, ಘಟಕದ ಹೆಸರು, 99 ಎ.ಪಿ.ಒ. ಎಂಬ ಸೇನಾ ಅಂಚೆ ಕಚೇರಿಯ ಸಂಖ್ಯೆ, ಮುಗಿಯಿತು. ಮಗ ಎಲ್ಲಿದ್ದಾನೆಂದು ಗೊತ್ತಿಲ್ಲದೆಯೇ ಅವ್ವ ಅವನಿಗೆ ಕಾಗದ ಬರೆಸುತ್ತಾಳೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಅಗರ್ತಲಾ ಯಾಕೆ ಬೇಕು?

ನನಗೆ ನಿಜವಾಗಿ ಸಿಟ್ಟು ಬಂದದ್ದು ನಾಲ್ಕನೇ ಪತ್ರಕ್ಕೆ. ಪೆನ್ನು ಹಿಡಿಯಲಾರದ ಹುಡುಗ ಹೇಳುತ್ತಾನೆ, ಕೇರಳದ ನರ್ಸು ಬರೆಯುತ್ತಾಳೆ. ಎಂಥ ಕನ್ನಡ! ಅವಳಿಗೆ ಕನ್ನಡ ಕಲಿಸಿದವರು ಯಾರು? ನೀವೇ ಅವಳ ಕೈಯಿಂದ ಬರೆದಿದ್ದೀರಿ. ಅವಳಿಗೆ ಬರುವ ಇಂಗ್ಲಿಷಿನಲ್ಲೇ ನಾಲ್ಕು ಸಾಲು ಬರಲಿ. ಊರಲ್ಲಿ ಅದನ್ನು ಓದಬಲ್ಲವರು ಒಬ್ಬರೇ, ನಿಮ್ಮ ಎರಡನೇ ಪುಟದಲ್ಲಿ ಬಂದು ಮಾಯವಾಗುವ ಶಾಲೆಯ ಮೇಷ್ಟ್ರು. ಶೇಂಗಾ ಬಿಡಿಸುತ್ತಾ ಕೂತ ಅವ್ವನ ಮುಂದೆ ಅವರು ಕಾಗದ ಬಿಚ್ಚುತ್ತಾರೆ. ಅಕ್ಷರ ಮಗನದ್ದಲ್ಲ ಎಂಬುದು ಓದು ಬರದ ಅವಳಿಗೂ ನೋಡಿದೊಡನೆ ಗೊತ್ತಾಗುತ್ತದೆ. ಮೇಷ್ಟ್ರು ಯಾವ ಸಾಲು ಓದುತ್ತಾರೆ, ಯಾವುದನ್ನು ನುಂಗುತ್ತಾರೆ? ಅವರು ನುಂಗಿದ್ದು ಅವಳಿಗೆ ತಿಳಿಯುತ್ತದೆಯೆ? ಪುಟಗಟ್ಟಲೆ ಬರೆಯಬೇಕಾದ ಜಾಗ ಇದು. ನೀವು ಕೊಟ್ಟಿರುವುದು ಒಂದು ಪ್ಯಾರಾ.

ಇನ್ನು, ಜ್ವರದಲ್ಲಿ ಬಿದ್ದವನು ದೇಶಪ್ರೇಮದ ಭಾಷಣ ಬರೆಯುವುದಿಲ್ಲ. ಎತ್ತು ಹೇಗಿದೆ, ತಂಗಿಗೆ ಗಂಡು ನೋಡಿದಿರಾ, ಮನಿಯಾರ್ಡರು ಮುಟ್ಟಿತಾ ಅಂತ ಕೇಳುತ್ತಾನೆ. ಕೊನೆಯ ಧ್ವಜವಂದನೆಯನ್ನು ಪೂರ್ತಿ ಹೊಡೆದುಹಾಕಿ.

ತಿದ್ದಿ ಕಳಿಸಿ, ಓದುತ್ತೇನೆ. ಮೂರು ಪತ್ರ ಸಾಕು. ಹೆಸರನ್ನೂ ಬದಲಿಸಿ.

ಇಂತಿ,
ಸಂಪಾದಕ