ನೀವು ಕೇಳಿದ್ದು: ಸ್ನೂಪಿಯನ್ನು ಈಗ ಬಿಡಿಸುತ್ತಿರುವವರು ಯಾರು?

ಪ್ರಶ್ನೆ: ಮಗಳ ಟೀ ಶರ್ಟ್ ಮೇಲೆ ಸ್ನೂಪಿ, ಬ್ಯಾಗ್ ಮೇಲೂ ಸ್ನೂಪಿ. ಆ ನಾಯಿಯನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಜ್ ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ಹಾಗಾದರೆ ಪೇಪರುಗಳಲ್ಲಿ ಈಗಲೂ ಬರುವ ಸ್ನೂಪಿಯ ಕಾಮಿಕ್ ಸ್ಟ್ರಿಪ್ 'ಪೀನಟ್ಸ್' ಬರೆಯುವವರು ಯಾರು?
– ಓದುಗರು, ಶಿವಮೊಗ್ಗ

ಉತ್ತರ: ಯಾರೂ ಇಲ್ಲ. ಬರುತ್ತಿರುವುದೆಲ್ಲ ಹಳೆಯದೇ. ಅಮೆರಿಕದಲ್ಲಿ ಒಂದು ಕಾಮಿಕ್ ಸ್ಟ್ರಿಪ್ಪನ್ನು ನೂರಾರು ಪೇಪರುಗಳಿಗೆ ಮಾರುವ ಸಿಂಡಿಕೇಟ್ ಕಂಪನಿಗಳಿವೆ. ಬರೆಯುವವರು ಹೋದರೆ ಇನ್ನೊಬ್ಬರನ್ನು ಕೂರಿಸಿ ಮುಂದುವರಿಸುವುದು ಅಲ್ಲಿ ಮಾಮೂಲಿ. ಶುಲ್ಜ್ ಮನೆಯವರು ಮಾತ್ರ ಬೇರೆಯವರು ಬರೆಯೋದು ಬೇಡ ಅಂದರು.

ಅದಕ್ಕೆ ಕಾರಣವೂ ಇದೆ. 1950ರ ಅಕ್ಟೋಬರ್ 2ರಂದು 7 ಪೇಪರುಗಳಲ್ಲಿ ಶುರುವಾದ ಸ್ಟ್ರಿಪ್ ಅದು. ಮುಗಿಯುವ ಹೊತ್ತಿಗೆ ಒಟ್ಟು 17,897 ಸ್ಟ್ರಿಪ್ ಆಗಿತ್ತು. ಐಡಿಯಾ, ಪೆನ್ಸಿಲ್ ಗೆರೆ, ಇಂಕು, ಕೊನೆಗೆ ಮಾತಿನ ಬಲೂನಿನೊಳಗಿನ ಅಕ್ಷರ ಕೂಡ ಶುಲ್ಜ್ ಕೈಯದೇ, ಒಬ್ಬ ಅಸಿಸ್ಟೆಂಟ್ ಇರಲಿಲ್ಲ. ಅವರಿಗೆ ಒಗ್ಗಿದ್ದ ನಿಬ್ಬಿನ ಕಂಪನಿ ಮುಚ್ಚುತ್ತದೆ ಅಂತ ಗೊತ್ತಾದಾಗ ಉಳಿದಿದ್ದ ಸ್ಟಾಕನ್ನೆಲ್ಲ ಕೊಂಡು ಇಟ್ಟುಕೊಂಡರು. 1981ರಲ್ಲಿ ಹೃದಯದ ಆಪರೇಷನ್ ಆಯಿತು, ಆಮೇಲೆ ಕೈ ನಡುಗತೊಡಗಿತು. ಕಡೆಯ ವರ್ಷಗಳ ಸ್ಟ್ರಿಪ್ ಹತ್ತಿರ ಹಿಡಿದು ನೋಡಿ, ಸ್ನೂಪಿಯ ಯಜಮಾನ, ಹುಡುಗ ಚಾರ್ಲಿ ಬ್ರೌನ್‌ನ ದುಂಡು ತಲೆಯ ಗೆರೆ ಅಲುಗಿರೋದು ಚೆನ್ನಾಗಿ ಕಾಣುತ್ತದೆ. ನನಗೆ ಆ ಅಲುಗಿದ ಗೆರೆಗಳೇ ಜಾಸ್ತಿ ಇಷ್ಟ.

ಕ್ಯಾನ್ಸರ್ ಬಂದು 1999ರ ಡಿಸೆಂಬರಿನಲ್ಲಿ ನಿವೃತ್ತಿ ಹೇಳಿದರು. 2000ದ ಫೆಬ್ರವರಿ 12ರ ರಾತ್ರಿ ಹೋದರು. ಕೊನೆಯ ಭಾನುವಾರದ ಸ್ಟ್ರಿಪ್ ಮರುದಿನದ ಪೇಪರಿನಲ್ಲಿತ್ತು. ಪೆನ್ನು ಯಾರ ಕೈಗೂ ಕೊಡದ ಮನುಷ್ಯ ನಾಯಿಯನ್ನು ಮಾತ್ರ ಟೀ ಶರ್ಟಿನಿಂದ ಇನ್ಶೂರೆನ್ಸ್ ಜಾಹೀರಾತಿನವರೆಗೆ ಕೇಳಿದವರಿಗೆಲ್ಲ ಕೊಟ್ಟರು ಅನ್ನೋದು ಬೇರೆ ಮಾತು!

ಪ್ರಶ್ನೆ: ಚಾರ್ಲಿ ಬ್ರೌನ್ ಯಾವಾಗ ನೋಡಿದರೂ ಸೋಲುತ್ತಾನೆ. ಇದರಲ್ಲಿ ನಗೋದಕ್ಕೆ ಏನಿದೆ ಸ್ವಾಮಿ?
– ಓದುಗರು, ಧಾರವಾಡ

ಉತ್ತರ: ಮೊದಲ ಸ್ಟ್ರಿಪ್ಪೇ ಹಾಗಿತ್ತು. ಒಬ್ಬ ಹುಡುಗ, ಒಬ್ಬ ಹುಡುಗಿ ಕೂತಿದ್ದಾರೆ. ಚಾರ್ಲಿ ಬ್ರೌನ್ ನಡೆದು ಬರುತ್ತಾನೆ. ಒಳ್ಳೇ ಹುಡುಗ, ಒಳ್ಳೇ ಹುಡುಗ ಅಂತ ಆ ಹುಡುಗ ಹೊಗಳುತ್ತಾನೆ. ಚಾರ್ಲಿ ಬ್ರೌನ್ ಆಚೆ ದಾಟಿದ ಮೇಲೆ ನಾಲ್ಕನೇ ಚೌಕದಲ್ಲಿ, ಇವನನ್ನು ಕಂಡರೆ ನನಗಾಗಲ್ಲ ಅನ್ನುತ್ತಾನೆ. ನಾವು ಆಫೀಸಿನಲ್ಲಿ ದಿನಾ ಮಾಡೋದು ಇದನ್ನೇ ಅಲ್ವಾ? ಅದಕ್ಕೇ ನಗು ಬರೋದು.

ಶುಲ್ಜ್ ಇದನ್ನೆಲ್ಲ ಎಲ್ಲಿಂದಲೋ ತಂದದ್ದಲ್ಲ. ಅಪ್ಪನದು ಸೇಂಟ್ ಪಾಲ್ ಊರಿನಲ್ಲಿ ಕ್ಷೌರದಂಗಡಿ, ಚಾರ್ಲಿ ಬ್ರೌನ್‌ನ ಅಪ್ಪನೂ ಕ್ಷೌರಿಕ. 1943ರಲ್ಲಿ ಮಗ ಸೈನ್ಯಕ್ಕೆ ಹೊರಟು ನಿಂತಾಗಲೇ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡರು. ಯುದ್ಧ ಮುಗಿಸಿ ಬಂದು, ಅಂಚೆಯಲ್ಲಿ ಚಿತ್ರಕಲೆ ಕಲಿಸುವ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಗ ಜೊತೆಗಿದ್ದ ಕೆಂಪು ಕೂದಲಿನ ಹುಡುಗಿಯನ್ನು ಮದುವೆಯಾಗು ಅಂತ ಕೇಳಿದರು, ಅವಳು ಆಗಲ್ಲ ಅಂದು ಅದೇ ವರ್ಷ ಬೇರೆಯವರ ಕೈ ಹಿಡಿದಳು. ಚಾರ್ಲಿ ಬ್ರೌನ್ ದೂರದಿಂದಲೇ ನೋಡಿ ನಿಟ್ಟುಸಿರು ಬಿಡುವ ಕೆಂಪು ಕೂದಲಿನ ಹುಡುಗಿ ಇವಳೇ. ಹೋಗಲಿ, 'ಪೀನಟ್ಸ್' ಅನ್ನೋ ಹೆಸರಾದರೂ ಅವರ ಇಷ್ಟದ್ದಾ? ಅದೂ ಇಲ್ಲ. ಸಿಂಡಿಕೇಟಿನವರು ಇಟ್ಟಿದ್ದು, ಸಾಯುವವರೆಗೂ ಅದನ್ನು ಬೈಯುತ್ತಿದ್ದರು.

ಪ್ರಶ್ನೆ: ಈ ಸ್ಟ್ರಿಪ್ಪಿನಲ್ಲಿ ಒಬ್ಬ ಕಪ್ಪು ಹುಡುಗ ಇದ್ದಾನಲ್ಲ, ಮೊದಲಿಂದಲೂ ಇದ್ದನಾ?
– ಓದುಗರು, ಹಾಸನ

ಉತ್ತರ: ಇಲ್ಲ, ಹೆಚ್ಚುಕಡಿಮೆ 18 ವರ್ಷ ಆದ ಮೇಲೆ ಬಂದ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಹೊಸದರಲ್ಲಿ, 1968ರ ಏಪ್ರಿಲ್‌ನಲ್ಲಿ, ಹ್ಯಾರಿಯೆಟ್ ಗ್ಲಿಕ್‌ಮನ್ ಎಂಬ ಶಿಕ್ಷಕಿ ಶುಲ್ಜ್‌ಗೆ ಪತ್ರ ಬರೆದು ಒಬ್ಬ ಕಪ್ಪು ಮಗುವನ್ನು ಸೇರಿಸಿ ಎಂದು ಕೇಳಿದರು. ಉಪಕಾರ ಮಾಡಿದ ಹಾಗೆ ಕಂಡರೆ ಏನು ಗತಿ ಅಂತ ಶುಲ್ಜ್ ಹಿಂದೆಮುಂದೆ ನೋಡಿದರು. ಜುಲೈ 31ಕ್ಕೆ ಫ್ರಾಂಕ್ಲಿನ್ ಬಂದ. ಸಮುದ್ರದ ದಡದಲ್ಲಿ ಚಾರ್ಲಿ ಬ್ರೌನ್‌ಗೆ ಅವನ ಚೆಂಡನ್ನು ವಾಪಸ್ ಕೊಡುತ್ತಾನೆ, ಅಷ್ಟೇ. ಭಾಷಣ ಇಲ್ಲ, ಏನಿಲ್ಲ. ಆಮೇಲೆ ಫ್ರಾಂಕ್ಲಿನ್ ಬಿಳಿಯ ಮಕ್ಕಳ ಜೊತೆ ಒಂದೇ ಕ್ಲಾಸಿನಲ್ಲಿ ಕೂತಾಗ ಅಮೆರಿಕದ ದಕ್ಷಿಣ ಭಾಗದ ಒಬ್ಬ ಸಂಪಾದಕರು ತಕರಾರು ತೆಗೆದರು. ಶುಲ್ಜ್ ಉತ್ತರವನ್ನೇ ಕೊಡಲಿಲ್ಲ. ಆದರೂ ಒಂದು ಮಾತು ಹೇಳಬೇಕು, ಫ್ರಾಂಕ್ಲಿನ್‌ಗೆ ಅವರು ಜಾಸ್ತಿ ಕೆಲಸ ಕೊಡಲಿಲ್ಲ. ಬೇರೆ ಮಕ್ಕಳಿಗೆಲ್ಲ ಒಂದೊಂದು ಹುಚ್ಚು, ಇವನು ಬರೀ ಒಳ್ಳೆಯವನು.

ಪ್ರಶ್ನೆ: ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ದೊಡ್ಡವರೋ, ಶುಲ್ಜ್ ದೊಡ್ಡವರೋ?
– ಓದುಗರು, ಮೈಸೂರು

ಉತ್ತರ: ಮೈಸೂರಿನಿಂದ ಕೇಳಿದ್ದೀರಿ, ಏನು ಉತ್ತರ ಬೇಕು ಅಂತ ಗೊತ್ತು! ಆದರೆ ಇಬ್ಬರ ಕಸುಬೇ ಬೇರೆ. ಲಕ್ಷ್ಮಣ್‌ಗೆ ಆ ದಿನದ ಸುದ್ದಿ ಬೇಕು. ಶುಲ್ಜ್‌ಗೆ ಸುದ್ದಿಯೇ ಬೇಡ, ವಾರಗಟ್ಟಲೆ ಮುಂಚೆ ಬರೆದು ಕಳಿಸುತ್ತಿದ್ದರು. ಒಬ್ಬರ ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ, ಇನ್ನೊಬ್ಬರ ಮಕ್ಕಳು ಬಾಯಿ ಮುಚ್ಚುವುದಿಲ್ಲ.