ಹೊಗಳಿದ್ದು ಸಾಕು, ಪುಸ್ತಕ ತೋರಿಸಿ

ನಮಸ್ಕಾರ.

ಅಮೆರಿಕದ ಸೇನಾನಿ, ಮುಂದೆ ಅಧ್ಯಕ್ಷರೂ ಆದ ಯುಲಿಸಿಸ್ ಗ್ರಾಂಟ್ ಅವರ ಆತ್ಮಕಥೆಯನ್ನು ಎಲ್ಲರೂ ಓದಲೇಬೇಕು ಎಂದು ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲೆರಡು ಪುಟದಲ್ಲೇ ‘ಅಪ್ರತಿಮ’ ಐದು ಸಲ ಬಂದಿದೆ. 1822ರಲ್ಲಿ ಜನನ, ವೆಸ್ಟ್ ಪಾಯಿಂಟ್ ಸೇನಾ ಶಾಲೆ, ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ: ಇವೆಲ್ಲ ಓದುಗರಿಗೆ ಮೊಬೈಲಿನಲ್ಲೇ ಸಿಗುತ್ತವೆ. ಅಧ್ಯಕ್ಷಗಿರಿಗೆ ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ಆ ಎಂಟು ವರ್ಷಗಳ ಕಥೆಯನ್ನು ಗ್ರಾಂಟ್ ಈ ಪುಸ್ತಕದಲ್ಲಿ ಹೇಳಿಯೇ ಇಲ್ಲ. ನೀವು ಇದನ್ನು ಓದಿದ್ದೀರೋ ಇಲ್ಲವೋ ಎಂಬ ಗುಮಾನಿ ಬಂದದ್ದು ಅಲ್ಲೇ.

ಅದು ಹೋಗಿದ್ದು ನಾಲ್ಕನೇ ಪುಟದಲ್ಲಿ. 1861, ಮಿಸೌರಿ. ದಕ್ಷಿಣದವರ ಕರ್ನಲ್ ಹ್ಯಾರಿಸ್‌ನ ಪಡೆಯ ಮೇಲೆ ಏರಿಹೋಗುವಾಗ ಗ್ರಾಂಟ್‌ಗೆ ಜೀವ ಬಾಯಿಗೆ ಬಂದಿತ್ತು. ವಾಪಸು ಹೋಗುವ ಆಸೆ, ಆದರೆ ‘ನಿಲ್ಲಿ’ ಎನ್ನುವ ಧೈರ್ಯವೂ ಇಲ್ಲ. ಗುಡ್ಡ ಹತ್ತಿ ನೋಡಿದರೆ ಶಿಬಿರ ಖಾಲಿ! ನನ್ನಷ್ಟೇ ಅವನೂ ಹೆದರಿದ್ದ ಎಂದು ಆಗ ಹೊಳೆಯಿತಂತೆ. ಇಂಥದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಲೇಖನ ಇಲ್ಲಿಂದಲೇ ಶುರುವಾಗಲಿ. ಕೋಲ್ಡ್ ಹಾರ್ಬರ್ ಕದನದ ಕೊನೆಯ ದಾಳಿ ಮಾಡಿಸಿದ್ದಕ್ಕೆ ಅವರು ಪಟ್ಟ ಪಶ್ಚಾತ್ತಾಪವೂ ಬರಲಿ. ದಕ್ಷಿಣದ ಸೇನಾಪತಿ ಲೀ ಶರಣಾದಾಗ ಗೆದ್ದವನು ಮಂಕಾಗಿ ಕೂತಿದ್ದ ಪುಟವನ್ನಂತೂ ಬಿಡಬೇಡಿ.

ಬೇಜಾರು ಮಾಡಿಕೊಳ್ಳಬೇಡಿ, ಗ್ರಾಂಟ್‌ಗೂ ಇದೇ ಗತಿಯಾಗಿತ್ತು. 1884ರಲ್ಲಿ ದಿವಾಳಿಯಾಗಿ, ಹಣಕ್ಕಾಗಿ ‘ಸೆಂಚುರಿ’ ಪತ್ರಿಕೆಗೆ ಅಂತರ್ಯುದ್ಧದ ಶಿಲೋ ಕದನದ ಮೇಲೆ ಲೇಖನ ಬರೆದರು. ಅದು ಸರ್ಕಾರಿ ವರದಿಯಂತೆ ಒಣಒಣ. ಸಂಪಾದಕ ರಾಬರ್ಟ್ ಜಾನ್ಸನ್ ಹೋಗಿ ಮಾತಿಗೆಳೆದಾಗ ಬೇರೆಯದೇ ಕಥೆ ಹೊರಬಂತು: ಕದನದ ರಾತ್ರಿ ಗಾಯಾಳುಗಳಿದ್ದ ಮನೆಯಲ್ಲಿ ರಕ್ತ ನೋಡಲಾರದೆ, ಮತ್ತೆ ಮಳೆಯಲ್ಲಿ ಮರದಡಿಗೇ ಹೋಗಿ ಕೂತಿದ್ದರು. ಹೀಗೆಯೇ ಬರೆಯಿರಿ ಎಂದರು ಜಾನ್ಸನ್. ನಾನೂ ಅಷ್ಟನ್ನೇ ಕೇಳುತ್ತಿದ್ದೇನೆ.

ಇನ್ನೊಂದು ಮಾತು. 1862ರಲ್ಲಿ ತಮ್ಮ ಸೇನಾ ವಲಯದಿಂದ ಯಹೂದಿಗಳನ್ನು ಹೊರಹಾಕಲು ಹೊರಡಿಸಿದ ಆದೇಶದ ಬಗ್ಗೆ ಪುಸ್ತಕ ತುಟಿ ಬಿಚ್ಚುವುದಿಲ್ಲ. ನೀವೂ ಬಿಚ್ಚಿಲ್ಲ. ನಿಮ್ಮ ಅಭಿಮಾನ ಹಾಗೇ ಇರಲಿ, ಓದುಗರಿಗೆ ಅದನ್ನೂ ಹೇಳಿ.

ಗಂಟಲ ಕ್ಯಾನ್ಸರಿನ ನೋವಿನಲ್ಲೇ ಬರೆದು ಮುಗಿಸಿ, ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡರು ಎಂಬ ಭಾಗ ಚೆನ್ನಾಗಿದೆ, ‘ಕಣ್ಣೀರು’ ತೆಗೆಯಿರಿ. ಆರುನೂರು ಪದಕ್ಕೆ ಇಳಿಸಿ ಕಳಿಸಿ. ಪ್ರಕಾಶಕರಾಗಿದ್ದ ಮಾರ್ಕ್ ಟ್ವೇನ್ ಹೆಸರು ಒಂದು ಸಲ ಬಂದರೆ ಸಾಕು.

ವಿಶ್ವಾಸದಿಂದ,
ಸಂಪಾದಕ