ಪ್ರಾರ್ಥನೆಯ ಮೈಕು, ಪ್ರತಿಭಾ ಕಾರಂಜಿಯ ಚೀಟಿ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದ, ಬೆಳಗಿನ ಪ್ರಾರ್ಥನೆ ಮತ್ತು ಶಾಲಾ ಸ್ಪರ್ಧೆಗಳ ಹೊಣೆ ಹೊತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಈ ಬಾರಿ ಓದುಗರಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳು 9ನೇ ತರಗತಿ. ಓದಿನಲ್ಲಿ ಚುರುಕು. ಹೋದ ತಿಂಗಳು ಪ್ರಾರ್ಥನೆಯಲ್ಲಿ ವಾರ್ತೆ ಓದುವಾಗ ತಡವರಿಸಿದಳು. ಸಾಲಿನಲ್ಲಿದ್ದವರು ನಕ್ಕರಂತೆ. ಈಗ ಅವಳ ತರಗತಿಯ ಸರದಿ ಬಂದ ದಿನ ಹೊಟ್ಟೆನೋವು ಅಂತ ಮಲಗಿಬಿಡುತ್ತಾಳೆ. ಬಲವಂತ ಮಾಡಲೇ, ಸುಮ್ಮನಿರಲೇ?
– ಒಬ್ಬ ತಾಯಿ, ಶಿವಮೊಗ್ಗ ಜಿಲ್ಲೆ

ಉತ್ತರ: ಆ ಹೊಟ್ಟೆನೋವು ನಾಟಕ ಅಂದುಕೊಳ್ಳಬೇಡಿ ಅಮ್ಮಾ. ಹೆದರಿದ ಮಗುವಿಗೆ ನಿಜವಾಗಿಯೂ ಹೊಟ್ಟೆ ಹಿಂಡುತ್ತದೆ. ಬಲವಂತ ಬೇಡ. ಹಾಗಂತ ಪೂರ್ತಿ ಬಿಟ್ಟುಬಿಡುವುದೂ ಬೇಡ. ವಾರ್ತೆಗಿಂತ ಸುಲಭದ ಕೆಲಸದಿಂದ ಮತ್ತೆ ಶುರು ಮಾಡಿಸಿ.

ಪ್ರಾರ್ಥನೆಯಲ್ಲಿ ಎಷ್ಟೆಲ್ಲ ಇರುತ್ತದೆ ನೋಡಿ. ನಾಡಗೀತೆ, ರೈತಗೀತೆ, ಸಂವಿಧಾನದ ಪೀಠಿಕೆ, ಪಂಚಾಂಗ, ಸುಭಾಷಿತ, ವಾರ್ತೆ, ದಿನದ ವಿಶೇಷ, ಕೊನೆಗೆ ರಾಷ್ಟ್ರಗೀತೆ. ಇಷ್ಟರಲ್ಲಿ ವಾರ್ತೆಯೇ ಎಲ್ಲಕ್ಕಿಂತ ಕಷ್ಟ. ಪತ್ರಿಕೆಯ ವಾಕ್ಯ ಉದ್ದ. ಅದರಲ್ಲಿ ವಿದೇಶಿ ಹೆಸರು, ಕೋಟಿ ಲಕ್ಷದ ಲೆಕ್ಕ ಎಲ್ಲ ಒಟ್ಟಿಗೇ ಬರುತ್ತವೆ. ಮಕ್ಕಳ ಕೈಗೆ ಪತ್ರಿಕೆ ಸಿಗುವುದೇ ಬೆಲ್ ಹೊಡೆಯುವ ಐದು ನಿಮಿಷ ಮೊದಲು. ದೊಡ್ಡವರೂ ತಡವರಿಸುತ್ತಾರೆ.

ತರಗತಿ ಶಿಕ್ಷಕರನ್ನು ಭೇಟಿ ಮಾಡಿ, ಮುಂದಿನ ಸರದಿಯಲ್ಲಿ ಅವಳಿಗೆ ಸುಭಾಷಿತ ಕೊಡಿ ಎಂದು ಕೇಳಿ. ಒಂದೇ ಒಂದು ವಾಕ್ಯ. ಹೇಳಿ ಇಳಿದು ಬರುವುದು, ಅಷ್ಟೇ. ಅದಾದ ಮೇಲೆ ಪೀಠಿಕೆ ಹೇಳಿಕೊಡುವ ಕೆಲಸ. ಅಲ್ಲಿ ಇವಳು ಒಂದು ತುಂಡು ಹೇಳಿದರೆ ಇಡೀ ಶಾಲೆ ಹಿಂದಿನಿಂದ ಹೇಳುತ್ತದೆ. ಒಂಟಿ ಅನ್ನಿಸುವುದಿಲ್ಲ. ವಾರ್ತೆಗೆ ಆಮೇಲೆ ಹೋಗಲಿ. ಮೂರೇ ಮೂರು ಸುದ್ದಿ, ಹಿಂದಿನ ರಾತ್ರಿ ತನ್ನ ಕೈಯಲ್ಲೇ ದಪ್ಪಗೆ ಬರೆದುಕೊಂಡದ್ದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಕೆಂಪು ಗೆರೆ ಎಳೆದದ್ದು.

ಇನ್ನೊಂದು ಸಣ್ಣ ವಿಷಯ. ಬರೀ ಹಾಳೆ ಹಿಡಿದು ಹೋಗುವುದು ಬೇಡ. ಕೈ ನಡುಗಿದರೆ ಹಾಳೆಯ ಸದ್ದು ಮೈಕಿನಲ್ಲಿ ಕೇಳುತ್ತದೆ. ಆ ಸದ್ದು ಕೇಳಿ ಮಗು ಇನ್ನೂ ಹೆದರುತ್ತದೆ. ಪರೀಕ್ಷೆಗೆ ಒಯ್ಯುವ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು ಹೋಗಲಿ.

ನನ್ನ ವಿದ್ಯಾರ್ಥಿನಿಯೊಬ್ಬಳು ಪೀಠಿಕೆಯ ‘ಪ್ರಜಾಸತ್ತಾತ್ಮಕ’ ಎಂಬ ಪದ ಬಂದಾಗಲೆಲ್ಲ ನಿಂತುಬಿಡುತ್ತಿದ್ದಳು. ಅವಳ ತಾಯಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದರು. ಸಂಜೆ ಇವಳೂ ಕೂತು ಹೂ ಕಟ್ಟುತ್ತಿದ್ದಳು. ಒಂದೊಂದು ಗಂಟಿಗೆ ಒಂದೊಂದು ತುಂಡು ಹೇಳು ಅಂದೆ. ಪ್ರಜಾ, ಒಂದು ಗಂಟು. ಸತ್ತಾ, ಒಂದು ಗಂಟು. ತ್ಮಕ, ಇನ್ನೊಂದು. ಒಂದು ವಾರ ಮೊಳಗಟ್ಟಲೆ ಹೂವಿನ ಜೊತೆ ಆ ಪದವನ್ನೂ ಕಟ್ಟಿದಳು. ಮುಂದಿನ ಸೋಮವಾರ ಮೈಕಿನ ಮುಂದೆ ನಿಂತಾಗ ಅವಳ ಹೆಬ್ಬೆರಳು ತೋರುಬೆರಳು ಗಂಟು ಹಾಕುವ ಹಾಗೆ ಆಡುತ್ತಿದ್ದವು. ಪದ ಬಂತು, ದಾಟಿತು.

ಇನ್ನು ನಕ್ಕವರ ವಿಷಯ. ಇದನ್ನು ಶಿಕ್ಷಕರು ಓದುತ್ತಿದ್ದರೆ ಅವರಿಗೂ ಹೇಳುತ್ತಿದ್ದೇನೆ. ಎಲ್ಲರಿಗೂ ಸರದಿ ಬರುವ ಶಾಲೆಯಲ್ಲಿ ನಗು ತಾನಾಗಿ ಕಡಿಮೆಯಾಗುತ್ತದೆ. ನಾನು ಹಾಜರಿ ಪುಸ್ತಕದ ಕ್ರಮದಲ್ಲೇ ಕರೆಯುತ್ತಿದ್ದೆ. ಒಂದು ತರಗತಿಗೆ ಒಂದು ವಾರ, ದಿನಕ್ಕೆ ಆರು ಮಕ್ಕಳು. ಆರು ದಿನದಲ್ಲಿ ಮೂವತ್ತಾರು ಮಕ್ಕಳು ಮೈಕಿನ ಮುಂದೆ ನಿಂತಿರುತ್ತಾರೆ. ನಾಡಗೀತೆಗೆ ಎರಡೂವರೆ ನಿಮಿಷ, ರಾಷ್ಟ್ರಗೀತೆಗೆ 52 ಸೆಕೆಂಡು. ಅವೆರಡನ್ನು ಕಳೆದರೂ ಮಕ್ಕಳಿಗೆ ಬೇಕಾದಷ್ಟು ಸಮಯ ಉಳಿಯುತ್ತದೆ. ಚೆನ್ನಾಗಿ ಓದುವ ನಾಲ್ವರನ್ನೇ ವರ್ಷಪೂರ್ತಿ ನಿಲ್ಲಿಸಿದರೆ ಉಳಿದವರಿಗೆ ಬಿಸಿಲಲ್ಲಿ ನಿಲ್ಲುವ ಕೆಲಸ ಮಾತ್ರ.

ಪ್ರಶ್ನೆ: ಸರ್ಕಾರಿ ಹೈಸ್ಕೂಲಿಗೆ ಸೇರಿ ಇದು ನನಗೆ ಮೊದಲ ವರ್ಷ. ಪ್ರತಿಭಾ ಕಾರಂಜಿಯ ಹೊಣೆ ನನ್ನ ಮೇಲೆ ಬಿದ್ದಿದೆ. ಶಾಲಾ ಹಂತದ ಸ್ಪರ್ಧೆ ಮಾಡುತ್ತಾ ಕೂತರೆ ಪಾಠ ಮುಗಿಯುವುದಿಲ್ಲ, ಹೋದ ವರ್ಷ ಗೆದ್ದವರನ್ನೇ ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿನ ಹಂತಕ್ಕೆ) ಕಳಿಸಿ ಎನ್ನುತ್ತಾರೆ ಹಿರಿಯ ಶಿಕ್ಷಕರು. ಏನು ಮಾಡಲಿ?
– ಒಬ್ಬ ಶಿಕ್ಷಕ, ರಾಯಚೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ಈ ಒಂದು ವಿಷಯದಲ್ಲಿ ಹಿರಿಯರ ಮಾತು ಕೇಳಬೇಡಿ. ಶಾಲೆ, ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಕಾರಂಜಿ ಮೇಲೇರುತ್ತದೆ. ಇವುಗಳಲ್ಲಿ ಎಲ್ಲ ಮಕ್ಕಳೂ ನಿಲ್ಲಬಹುದಾದ ಹಂತ ಮೊದಲನೆಯದು ಮಾತ್ರ. ಅದನ್ನೇ ಕಾಗದದಲ್ಲಿ ಮುಗಿಸಿದರೆ ನೂರಾರು ಮಕ್ಕಳಿಗೆ ಪ್ರತಿಭಾ ಕಾರಂಜಿ ಅಂದರೆ ಬೇರೆ ಯಾರೋ ಬಸ್ ಹತ್ತಿ ಹೋಗುವ ದಿನ, ಅಷ್ಟೇ.

ಸಮಯ ಮಾಡಿಕೊಳ್ಳಬಹುದು. ಪ್ರಬಂಧ ಮತ್ತು ಚಿತ್ರಕಲೆಯನ್ನು ಒಂದೊಂದು ಪೀರಿಯಡ್ಡಿನಲ್ಲಿ ಇಡೀ ತರಗತಿಗೆ ಇಡಿ. ಹಾಡು, ಕಂಠಪಾಠ, ಭಾಷಣವನ್ನು ಪ್ರಾರ್ಥನೆಯ ನಂತರ ದಿನಕ್ಕೆ ಇಬ್ಬರಂತೆ ಎರಡು ವಾರ ನಡೆಸಿ. ಉಳಿದದ್ದಕ್ಕೆ ಎರಡು ಶನಿವಾರ ಸಾಕು.

ಹೆಸರು ಬರೆದುಕೊಳ್ಳುವ ರೀತಿ ಬಹಳ ಮುಖ್ಯ. ‘ಯಾರ್ಯಾರು ಹಾಡ್ತೀರಿ?’ ಎಂದು ಕೇಳಿದರೆ ಯಾವಾಗಲೂ ಎತ್ತುವ ಕೈಗಳೇ ಏಳುತ್ತವೆ. ಪ್ರಶ್ನೆ ಬದಲಿಸಿ. ‘ನಿಮ್ಮ ಮನೆಯಲ್ಲಿ ಯಾರು ಹಾಡ್ತಾರೆ? ಯಾವಾಗ ಹಾಡ್ತಾರೆ?’ ಎಂದು ಕೇಳಿ ನೋಡಿ. ನಾನು ಹಾಗೆ ಕೇಳಿದ ವರ್ಷ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ದಿನಾ ತಡವಾಗಿ ಬರುತ್ತಿದ್ದವನು. ‘ನಾನು ಹಾಡಲ್ಲ ಮಿಸ್, ನಮ್ಮಜ್ಜಿ ಹಾಡ್ತಾಳೆ, ಬೀಸೋವಾಗ’ ಅಂದ. ಎರಡು ಸಾಲು ಹೇಳು ಅಂದೆ. ಅವನು ಹಾಡುತ್ತಾ ಬೆಂಚಿನ ಮೇಲೆ ಅಂಗೈ ಊರಿ ಗುಂಡಗೆ ತಿರುಗಿಸತೊಡಗಿದ. ಬೀಸುವ ಕಲ್ಲು ಎಳೆದ ಹಾಗೆ. ಕೈ ತಿರುಗಿದರೆ ಮಾತ್ರ ಅವನಿಗೆ ಪದ ನೆನಪಾಗುತ್ತಿತ್ತು. ಎರಡು ಸಾಲು ಕೇಳಿದ್ದಕ್ಕೆ ಇಪ್ಪತ್ತು ಸಾಲು ಬಂತು. ತರಗತಿ ತೆಪ್ಪಗಾಯಿತು. ಜನಪದ ಗೀತೆಯಲ್ಲಿ ತಾಲ್ಲೂಕಿನವರೆಗೆ ಹೋದ, ಅಲ್ಲಿ ಬಹುಮಾನ ಬರಲಿಲ್ಲ. ಆದರೆ ಆಮೇಲೆ ಅವನು ಕೊನೆಯ ಬೆಂಚಿನಲ್ಲಿ ಕೂರಲಿಲ್ಲ. ನಿಮ್ಮ ಕಡೆಯ ಊರುಗಳಲ್ಲಿ ತತ್ವಪದ, ಸೋಬಾನೆ ಪದ, ಮೊಹರಂನ ಅಲಾಯಿ ಪದ ಎಷ್ಟಿವೆ! ಸಿನಿಮಾ ಧಾಟಿಯ ಹಾಡು ಹುಡುಕುವ ಮೊದಲು ಮಕ್ಕಳ ಮನೆಯ ಹಾಡು ಕೇಳಿ.

ಆಶುಭಾಷಣಕ್ಕೆ ಖಾಲಿ ಸೀಮೆಸುಣ್ಣದ ಡಬ್ಬಿ ಇಡಿ. ಮಕ್ಕಳೇ ಚೀಟಿ ಬರೆದು ಹಾಕಲಿ. ‘ನಮ್ಮೂರ ಸಂತೆ’, ‘ಮಳೆ ಬಾರದ ವರ್ಷ’, ‘ಛತ್ರಿ’, ಏನಾದರೂ ಆಗಬಹುದು. ದಿನಾ ಒಬ್ಬರು ಚೀಟಿ ಎತ್ತಲಿ. ನಾನು ಕಂಡದ್ದೇನು, ನನಗೆ ಅನ್ನಿಸಿದ್ದೇನು, ಏನು ಆಗಬೇಕು, ಈ ಮೂರಕ್ಕೆ ಉತ್ತರ ಹೇಳಿದರೆ ಭಾಷಣ ಆಯಿತು. ‘ವೇದಿಕೆಯ ಮೇಲೆ ಆಸೀನರಾಗಿರುವ’ ಅಂತ ಶುರುವಾಗುವ ಉದ್ದ ವಂದನೆ ಬಿಡಿಸಿಬಿಡಿ. ಮಗುವಿನ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ತೀರ್ಪುಗಾರರು ಬೆಳಗ್ಗಿನಿಂದ ಅದನ್ನು ಹತ್ತಾರು ಬಾರಿ ಕೇಳಿರುತ್ತಾರೆ.

ನೃತ್ಯಕ್ಕೆ ಡ್ರೆಸ್ ಬಾಡಿಗೆ ಅಂತ ಬಡ ಮಕ್ಕಳ ಮನೆಯ ಮೇಲೆ ಭಾರ ಹಾಕಬೇಡಿ. ನಿಮ್ಮ ಭಾಗದಲ್ಲಿ ಅಜ್ಜಿಯಂದಿರ ಪೆಟ್ಟಿಗೆಯಲ್ಲಿ ಇಳಕಲ್ ಸೀರೆ ಇದ್ದೇ ಇರುತ್ತದೆ, ಅದಕ್ಕಿಂತ ಚೆಂದದ ಡ್ರೆಸ್ ಬೇರೆ ಎಲ್ಲಿದೆ? ಮತ್ತೆ, ಹೊರಗೆ ಕರೆದುಕೊಂಡು ಹೋಗುವ ದಿನ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ. ಸಂಜೆ ನಾಲ್ಕಕ್ಕೆ ವೇದಿಕೆ ಹತ್ತುವ ಮಗು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟಿರುತ್ತದೆ. ಗಂಟಲಲ್ಲಿ ದನಿ ನಿಲ್ಲುವುದು ಹೆದರಿಕೆಯಿಂದಲ್ಲ, ಎಷ್ಟೋ ಸಲ ಹಸಿವಿನಿಂದ.

ಪ್ರಶ್ನೆ: ಭಾವಗೀತೆ ಸ್ಪರ್ಧೆಯಲ್ಲಿ ನನ್ನ ಮಗನಿಗೆ ಎರಡನೇ ಸ್ಥಾನ ಬಂತು. ಮೊದಲ ಸ್ಥಾನ ಬಂದ ಮಗು ಓದುವ ಶಾಲೆಯ ಶಿಕ್ಷಕರೇ ತೀರ್ಪುಗಾರರಾಗಿದ್ದರು. ಇದು ಅನ್ಯಾಯ ಅಲ್ವಾ?
– ಒಬ್ಬ ತಂದೆ, ಹಾಸನ ಜಿಲ್ಲೆ

ಉತ್ತರ: ತೀರ್ಪು ಸರಿಯಿತ್ತೋ ಇಲ್ಲವೋ, ಕೇಳದೆ ನಾನು ಹೇಳಲಾರೆ. ಆದರೆ ತಮ್ಮ ಶಾಲೆಯ ಮಗು ಇರುವ ಸ್ಪರ್ಧೆಗೆ ತೀರ್ಪುಗಾರರಾಗಿ ಕೂರುವುದು ಖಂಡಿತ ತಪ್ಪು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು ಪುಟದ ಅರ್ಜಿಯಲ್ಲಿ ಬರೆಯಿರಿ. ಆ ಮಗುವಿನ ಹೆಸರು ತೆಗೆಯಬೇಡಿ, ಅದು ಏನೂ ತಪ್ಪು ಮಾಡಿಲ್ಲ. ಬೇರೆ ಕ್ಲಸ್ಟರಿನ ತೀರ್ಪುಗಾರರನ್ನು ಹಾಕಿ, ಅಂಕದ ಹಾಳೆಯನ್ನು ಶಾಲೆಗಳಿಗೆ ತೋರಿಸಿ ಎಂದು ಕೇಳಿ. ಮುಂದಿನ ವರ್ಷದ ಮಕ್ಕಳಿಗೆ ಅದರಿಂದ ಉಪಯೋಗ ಆಗುತ್ತದೆ. ಮಗನ ಎದುರು ಮಾತ್ರ ಇದೇ ಮಾತನ್ನು ದಿನಾ ಆಡಬೇಡಿ. ಅವನಿಗೆ ಆ ಹಾಡೇ ಬೇಡವಾಗಿಬಿಡುತ್ತದೆ.

ನಾನೂ ಒಮ್ಮೆ ತಪ್ಪು ತೀರ್ಪು ಕೊಟ್ಟಿದ್ದೇನೆ. ಒಬ್ಬ ಹುಡುಗ ನೀರಿನ ಬಗ್ಗೆ ದೊಡ್ಡ ದೊಡ್ಡ ಮಾತಿನ ಭಾಷಣ ಒಪ್ಪಿಸಿದ. ಒಂದು ಅಕ್ಷರ ತಪ್ಪಲಿಲ್ಲ. ಅವನ ನಂತರ ಬಂದ ಹುಡುಗಿ ತನ್ನ ಮನೆಯ ಹಿಂದಿನ ಬಾವಿ ಬತ್ತಿದ ಕಥೆ ಹೇಳಿದಳು. ತಳದಲ್ಲಿ ಬಹಳ ಹಿಂದೆ ಕಳೆದುಹೋಗಿದ್ದ ಅಮ್ಮನ ಹಿತ್ತಾಳೆ ಬಿಂದಿಗೆ ಕಾಣಿಸಿತು ಅಂದಳು. ಎರಡು ಕಡೆ ತಡವರಿಸಿದಳು. ನಾನು ಹುಡುಗನಿಗೆ ಮೊದಲ ಸ್ಥಾನ ಕೊಟ್ಟೆ. ಅವನ ಭಾಷಣದ ಒಂದು ವಾಕ್ಯವೂ ಇವತ್ತು ನನಗೆ ನೆನಪಿಲ್ಲ. ಬಿಂದಿಗೆ ನೆನಪಿದೆ. ಆ ಹುಡುಗಿಯ ಹತ್ತಿರ ಹೋಗಿ ‘ನಿನ್ನ ಮಾತು ಚೆನ್ನಾಗಿತ್ತು’ ಅಂತಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ತೀರ್ಪುಗಾರರಾಗಿ ಹೋಗುವ ಶಿಕ್ಷಕರಲ್ಲಿ ಕೇಳಿಕೊಳ್ಳುವುದು ಇಷ್ಟೇ, ಬಹುಮಾನ ಬಾರದ ಮಗುವಿಗೂ ಒಂದು ಮಾತು ಹೇಳಿ ಕಳಿಸಿ.

ಪ್ರಶ್ನೆ: ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸ್ಪರ್ಧೆಗಳನ್ನೆಲ್ಲ ನಿಲ್ಲಿಸಿಬಿಡಿ ಎನ್ನುತ್ತಾರೆ ಮನೆಯಲ್ಲಿ.
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಎಲ್ಲವನ್ನೂ ನಿಲ್ಲಿಸಬೇಡಿ, ಒಂದೆರಡು ಉಳಿಸಿಕೊಳ್ಳಿ. ಅವಳಿಗೆ ತುಂಬ ಇಷ್ಟವಾದದ್ದು ಯಾವುದೋ ಅದು ಇರಲಿ. ದಸರಾ ರಜೆಯ ಆಚೆ ಈಚೆ ಸ್ಪರ್ಧೆಗಳಿಗೆ ಹೋಗಲಿ. ಜನವರಿಯಿಂದ ಪೂರ್ತಿ ಓದು. ಪ್ರಥಮ ಭಾಷೆಯದೇ 125 ಅಂಕ. ಆ ಪತ್ರಿಕೆಯಲ್ಲಿ ಪ್ರಬಂಧ, ಪತ್ರ ಲೇಖನ, ಗಾದೆ ವಿಸ್ತರಣೆ ಇರುತ್ತವೆ. ಪ್ರಬಂಧ ಸ್ಪರ್ಧೆಗೆ ಕೂತ ಮಗುವಿಗೆ ಗಡಿಯಾರ ನೋಡಿಕೊಂಡು ಬರೆಯುವುದು ರೂಢಿಯಾಗಿರುತ್ತದೆ. ಹಾಗಾಗಿ ಆ ಸಮಯ ದಂಡ ಅಲ್ಲ.

ಪ್ರಶ್ನೆ: ಮಿಸ್, ನಾನು 8ನೇ ತರಗತಿ. ನಮ್ಮ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದೆ. ಮೊಬೈಲಿನಲ್ಲಿ ಇವಿಎಂ ಥರ ವೋಟು ಹಾಕಿಸಿದರು, ಬೆರಳಿಗೆ ಶಾಯಿ ಹಚ್ಚಿದರು. ನನ್ನನ್ನು ಆರೋಗ್ಯ ಮಂತ್ರಿ ಮಾಡಿ ಬ್ಯಾಡ್ಜ್ ಕೊಟ್ಟರು. ಆಮೇಲೆ ಒಂದು ಸಭೆಯೂ ಆಗಿಲ್ಲ. ನಮ್ಮ ಹುಡುಗಿಯರ ಶೌಚಾಲಯದ ಚಿಲಕ ಮುರಿದು ಎಷ್ಟೋ ದಿನ ಆಯ್ತು. ನಾನು ಏನು ಮಾಡಬಹುದು?
– ಒಬ್ಬ ವಿದ್ಯಾರ್ಥಿನಿ, ಗದಗ ಜಿಲ್ಲೆ

ಉತ್ತರ: ಪುಟ್ಟಾ, ನಿನಗೆ ವೋಟು ಹಾಕಿದವರು ಸರಿಯಾದವರನ್ನೇ ಆರಿಸಿದ್ದಾರೆ.

ಮೊದಲು ಸಭೆ ಕೇಳು. ನಿಮ್ಮ ಪ್ರಧಾನಿಯನ್ನೂ ಇನ್ನಿಬ್ಬರು ಮಂತ್ರಿಗಳನ್ನೂ ಕರೆದುಕೊಂಡು ಹೆಡ್‌ಮಾಸ್ತರ ಹತ್ತಿರ ಹೋಗು. ‘ಸರ್, ತಿಂಗಳ ಕೊನೆಯ ಶನಿವಾರ ಅರ್ಧ ಗಂಟೆ ಸಂಸತ್ ಸಭೆಗೆ ಕೊಡಿ’ ಎಂದು ಬರೆದು ಕೊಡು. ಒಬ್ಬಳೇ ಹೋಗಿ ಬಾಯಲ್ಲಿ ಹೇಳಿದರೆ ಕೆಲಸದ ನಡುವೆ ಅವರಿಗೆ ಮರೆತುಹೋಗಬಹುದು. ನಾಲ್ವರು ಹೋಗಿ ಬರೆದು ಕೊಟ್ಟರೆ ನೆನಪಿರುತ್ತದೆ. ಮುಜುಗರ ಅನ್ನಿಸಿದರೆ ಮೊದಲು ನಿನಗೆ ಹತ್ತಿರದ ಟೀಚರಿಗೆ ಹೇಳು. ಚಿಲಕದ ಮಾತಿನಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಆಗಬೇಕು. ಅಲ್ಲಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಧ್ಯಕ್ಷರು, ಸದಸ್ಯರು ಮಕ್ಕಳು ಹೇಳುವುದನ್ನು ಕೇಳಬೇಕು, ಬರೆದುಕೊಳ್ಳಬೇಕು. ಈ ಸಲ ಯಾವ ದಿನ ಇದೆ ಎಂದು ಪಂಚಾಯ್ತಿಯಲ್ಲಿ ಈಗಲೇ ವಿಚಾರಿಸಿಕೊಳ್ಳಿ. ಎಷ್ಟೋ ಕಡೆ ಆ ದಿನ ಮಕ್ಕಳಿಂದ ನೃತ್ಯ ಮಾಡಿಸಿ, ಬಿಸ್ಕತ್ತು ಕೊಟ್ಟು ಕಳಿಸಿಬಿಡುತ್ತಾರೆ. ನೃತ್ಯ ಇರಲಿ. ನೀನು ಮಾತ್ರ ಕೈಯಲ್ಲಿ ಹಾಳೆ ಹಿಡಿದು ಹೋಗು.

ಆ ಹಾಳೆಯಲ್ಲಿ ‘ಶೌಚಾಲಯ ಸರಿಯಿಲ್ಲ’ ಅಂತ ಬರೆದರೆ ‘ನೋಡೋಣ’ ಅನ್ನುತ್ತಾರೆ. ಎಷ್ಟು ಬಾಗಿಲು, ಯಾವುದಕ್ಕೆ ಚಿಲಕ ಇಲ್ಲ, ಯಾವ ತಿಂಗಳಿನಿಂದ ಇಲ್ಲ, ಎಷ್ಟು ಹುಡುಗಿಯರು ಬಳಸುತ್ತಾರೆ ಅಂತ ಬರೆ. ಗೆಳತಿಯೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಾಗುತ್ತದೆ ಅಂತಿದ್ದರೆ ಅದನ್ನೂ ಬರೆ. ಕೆಳಗೆ ಎಲ್ಲ ಹುಡುಗಿಯರ ಸಹಿ ಹಾಕಿಸು. ಎರಡು ಪ್ರತಿ ಮಾಡು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಎಂದು ತಾರೀಖು, ಸಹಿ ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ.

ಅಷ್ಟರೊಳಗೆ ಶಾಲೆಯಲ್ಲೇ ಚಿಲಕ ಹಾಕಿಸಿಕೊಟ್ಟರೆ ಆ ಸಾಲು ಹೊಡೆದುಹಾಕಿ ಕುಡಿಯುವ ನೀರಿನ ನಲ್ಲಿಯ ವಿಷಯ ಬರೆ. ಮುಂದಿನ ಸಲ ಪ್ರಾರ್ಥನೆಯಲ್ಲಿ ನಿನ್ನ ತರಗತಿಯ ವಾರ ಬಂದಾಗ ವಾರ್ತೆಯ ಕೊನೆಗೆ ‘ಶಾಲಾ ವಾರ್ತೆ’ ಎಂದು ಹೇಳಿ ಒಂದು ಸುದ್ದಿ ಸೇರಿಸು: ಚಿಲಕ ಬಂತೋ ಇಲ್ಲವೋ.